ಗುಲಾಬಿ ಟೀಶರ್ಟು ಹಾಕ್ಕೊಂಡ್ರೆ ಗಂಟು ಕರಗುತ್ತಾ?

ಅಕ್ಟೋಬರ್ ಬಂತು ಅಂದ್ರೆ ಸಾಕು, ಎಲ್ಲಾ ಕಡೆ ಗುಲಾಬಿ. ಕಟ್ಟಡಕ್ಕೆ ಗುಲಾಬಿ ದೀಪ, ಓಟಕ್ಕೆ ಗುಲಾಬಿ ಟೀಶರ್ಟು, ಪ್ರೊಫೈಲ್ ಫೋಟೋಗೆ ಗುಲಾಬಿ ರಿಬ್ಬನ್ನು. 2010ರ ಜನವರಿಯಲ್ಲಂತೂ ಫೇಸ್‌ಬುಕ್ಕಿನಲ್ಲಿ ಹೆಂಗಸರು ತಾವು ಹಾಕಿಕೊಂಡ ಬ್ರಾ ಬಣ್ಣವನ್ನ ಸ್ಟೇಟಸ್ಸಿಗೆ ಹಾಕೋ ಆಟ ನಡೆದಿತ್ತು. ಅದೂ ಸ್ತನ ಕ್ಯಾನ್ಸರ್ ಜಾಗೃತಿಯಂತೆ! ಕಪ್ಪು, ಬಿಳಿ, ಕೆಂಪು ಅಂತ ಓದಿದವರಿಗೆ ಅದರಿಂದ ಏನು ಗೊತ್ತಾಯ್ತು, ದೇವರಿಗೇ ಗೊತ್ತು.

ಈ ರಿಬ್ಬನ್ನಿನ ಕಥೇನೂ ಮಜವಾಗಿದೆ. ಶಾರ್ಲೆಟ್ ಹೇಲಿ ಅನ್ನೋ ಅಮೆರಿಕದ ಹೆಂಗಸು ಪೀಚ್ ಬಣ್ಣದ ರಿಬ್ಬನ್ ಮಾಡಿ ಹಂಚ್ತಾ ಇದ್ದಳು. ಜೊತೆಗೊಂದು ಕಾರ್ಡು: ಸರ್ಕಾರಿ ಕ್ಯಾನ್ಸರ್ ಸಂಸ್ಥೆಯ ಬಜೆಟ್ಟಿನಲ್ಲಿ ತಡೆಗಟ್ಟೋ ಕೆಲಸಕ್ಕೆ ಬರೀ 5 ಪರ್ಸೆಂಟ್ ಹೋಗ್ತಿದೆ, ಕೇಳಿ ಅಂತ. 1992ರಲ್ಲಿ ಸೆಲ್ಫ್ ಅನ್ನೋ ಪತ್ರಿಕೆಯವರು ಆ ರಿಬ್ಬನ್ ನಮಗೂ ಕೊಡಿ ಅಂದರು. ನೀವು ವ್ಯಾಪಾರದವರು, ಕೊಡಲ್ಲ ಅಂದಳು ಆಯಮ್ಮ. ಆಗ ವಕೀಲರ ಸಲಹೆ ಕೇಳಿ ಬಣ್ಣ ಬದಲಾಯಿಸಿಬಿಟ್ಟರು. ಪೀಚ್ ಹೋಗಿ ಪಿಂಕ್ ಬಂತು, ಬಜೆಟ್ಟಿನ ಪ್ರಶ್ನೆ ಅಲ್ಲೇ ಬಿದ್ದುಹೋಯ್ತು.

ನಾನು ಕೆಲಸ ಮಾಡಿದ ಒಂದು ಕಂಪನಿಯಲ್ಲೂ (ಹೆಸರು ಬೇಡ ಬಿಡಿ) ಈ ಹಬ್ಬ ಆಗಿತ್ತು. ಕೆಫೆಟೇರಿಯಾದಲ್ಲಿ ಇಂಗ್ಲಿಷಿನಲ್ಲಿ ಒಂದು ಗಂಟೆ ಭಾಷಣ, ಸ್ಲೈಡು, ಕಪ್‌ಕೇಕು. ಕೊನೆಗೆ ಹುಡುಗಿಯರಿಗೆಲ್ಲ ಮ್ಯಾಮೊಗ್ರಾಮ್‌ಗೆ ಡಿಸ್ಕೌಂಟ್ ಕೂಪನ್ನು. ಅಲ್ಲಿದ್ದ ಹುಡುಗಿಯರಲ್ಲಿ ಹೆಚ್ಚಿನವರಿಗೆ 24, 25 ವಯಸ್ಸು. ಆ ವಯಸ್ಸಿನಲ್ಲಿ ಸ್ತನದ ಅಂಗಾಂಶ ದಟ್ಟವಾಗಿರುತ್ತೆ, ಎಕ್ಸ್‌ರೇನಲ್ಲಿ ಬೆಳ್ಳಗೆ ಕಾಣುತ್ತೆ. ಗಡ್ಡೇನೂ ಬೆಳ್ಳಗೇ ಕಾಣುತ್ತೆ. ಹಾಲಿನಲ್ಲಿ ಸುಣ್ಣ ಹುಡುಕಿದ ಹಾಗೆ. ಅಮೆರಿಕದ ತಜ್ಞರ ಸಮಿತಿ ಕೂಡ 2024ರಲ್ಲಿ ಹೇಳಿದ್ದು 40ರಿಂದ 74 ವಯಸ್ಸಿನವರಿಗೆ, ಎರಡು ವರ್ಷಕ್ಕೊಮ್ಮೆ ಅಂತ. ಅದೇ ಹೊತ್ತಿಗೆ ಪಕ್ಕದಲ್ಲಿ ಟೇಬಲ್ ಒರೆಸ್ತಿದ್ದ ಹೌಸ್‌ಕೀಪಿಂಗ್ ಅಮ್ಮಂದಿರು ನಾಲ್ಕೈದು ಜನ ಇದ್ದರು. ಎಲ್ಲರೂ 45, 50ರ ಆಸುಪಾಸು. ಅವರಿಗೆ ಕೂಪನ್ ಇಲ್ಲ, ಅವರು ಕಾಂಟ್ರಾಕ್ಟ್! ಆ ಭಾಷಣ ಯಾರಿಗೆ ಬೇಕಿತ್ತೋ ಅವರಿಗೆ ಅರ್ಥವೇ ಆಗದ ಭಾಷೆಯಲ್ಲಿ ಇತ್ತು. ಕಪ್‌ಕೇಕಿನ ಪೇಪರ್ ಎತ್ತೋದು ಮಾತ್ರ ಅವರ ಪಾಲಿಗೆ ಬಂತು.

ಹಾಗಂತ ಎಲ್ಲವೂ ಡೋಂಗಿ, ಮಾಡಿದರೂ ಏನೂ ಉಪಯೋಗ ಇಲ್ಲ ಅಂತ ನಾನು ಹೇಳ್ತಿಲ್ಲ. ಉಪಯೋಗ ಆಗಿರೋದು ನಮ್ಮ ದೇಶದಲ್ಲೇ ಇದೆ. ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಲ್ಲಿ ಮುಂಬಯಿಯ ಕೊಳೆಗೇರಿಗಳಲ್ಲಿ ಒಂದು ಪ್ರಯೋಗ ಶುರು ಮಾಡಿದರು. 35ರಿಂದ 64 ವಯಸ್ಸಿನ ಒಂದೂವರೆ ಲಕ್ಷ ಹೆಂಗಸರು. ಅರ್ಧದಷ್ಟು ಜನಕ್ಕೆ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಮುಟ್ಟಿ ಪರೀಕ್ಷೆ ಮಾಡಿದರು, ನಾಲ್ಕು ಸುತ್ತು. ಮ್ಯಾಮೊಗ್ರಾಮ್ ಯಂತ್ರ ಇಲ್ಲ, ಏನೂ ಇಲ್ಲ. ಇನ್ನರ್ಧ ಜನಕ್ಕೆ ಒಂದು ಸಲ ಕ್ಯಾನ್ಸರ್ ಬಗ್ಗೆ ತಿಳುವಳಿಕೆ ಹೇಳಿ ಬಿಟ್ಟರು. 20 ವರ್ಷದ ಲೆಕ್ಕ 2021ರಲ್ಲಿ ಪ್ರಕಟ ಆಯ್ತು. ಪರೀಕ್ಷೆ ಮಾಡಿಸಿಕೊಂಡವರಲ್ಲಿ ಕ್ಯಾನ್ಸರ್ ಇನ್ನೂ ಮುಂಚಿನ ಹಂತದಲ್ಲೇ ಸಿಕ್ಕಿತ್ತು. 50 ದಾಟಿದವರಲ್ಲಿ ಈ ಕಾಯಿಲೆಯಿಂದ ಸಾಯುವವರು ಸುಮಾರು 30 ಪರ್ಸೆಂಟ್ ಕಡಿಮೆ. (50ರ ಕೆಳಗಿನವರಲ್ಲಿ ಸಾವು ಹೇಳಿಕೊಳ್ಳೋ ಹಾಗೆ ಇಳೀಲಿಲ್ಲ, ಅದನ್ನೂ ಹೇಳಬೇಕು.)

ಗಮನಿಸಿದಿರಾ? ಬರೀ ‘ಅರಿವು’ ಪಡೆದವರು ಹೋಲಿಕೆಗೆ ಇಟ್ಟುಕೊಂಡ ಗುಂಪು! ಪ್ರತೀ ಅಕ್ಟೋಬರಿನಲ್ಲಿ ನಾವು ಮಾಡ್ತಿರೋದು ಆ ಗುಂಪಿಗೆ ಮಾಡಿದಷ್ಟೇ.

ಸರ್ಕಾರದ 2016ರ ಮಾರ್ಗಸೂಚಿಯಲ್ಲೂ 30ರಿಂದ 65 ವಯಸ್ಸಿನ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಈ ಕೈಪರೀಕ್ಷೆ ಮಾಡಬೇಕು ಅಂತಿದೆ. ಕಾಗದದಲ್ಲಿ ಎಲ್ಲಾ ಇದೆ ಸ್ವಾಮೀ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ: 30ರಿಂದ 49ರ ಹೆಂಗಸರಲ್ಲಿ ಒಮ್ಮೆಯಾದರೂ ಸ್ತನ ಪರೀಕ್ಷೆ ಮಾಡಿಸಿಕೊಂಡವರು 0.9 ಪರ್ಸೆಂಟ್. ನೂರಕ್ಕೆ ಒಬ್ಬರೂ ಇಲ್ಲ. 2022ರ ಜಾಗತಿಕ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ ಆ ಒಂದೇ ವರ್ಷ ಸುಮಾರು 1.9 ಲಕ್ಷ ಹೊಸ ಕೇಸು, 98 ಸಾವಿರ ಸಾವು.

ಇನ್ನು ನಮ್ಮ ನಾಚಿಕೆ. ವಚನಕಾರರು ಒಂಬೈನೂರು ವರ್ಷದ ಹಿಂದೆ ‘ಮೊಲೆ’ ಅನ್ನೋ ಪದವನ್ನ ಯಾವ ಮುಜುಗರ ಇಲ್ಲದೆ ಬಳಸಿದರು. ನಮಗೆ ಇವತ್ತು ಅದು ಬೈಗುಳದ ಹಾಗೆ ಕೇಳಿಸುತ್ತೆ. ‘ಸ್ತನ’ ಅಂದರೆ ಪಠ್ಯಪುಸ್ತಕ. ಹಾಗಾಗಿ ‘ಎದೆ’ ಅಂತೀವಿ, ಎದೆ ಅಂದ ಕೂಡಲೇ ಮನೆಯವರು ಗ್ಯಾಸ್ಟ್ರಿಕ್ಕೋ ಹಾರ್ಟೋ ಅಂದ್ಕೋತಾರೆ. ನಮ್ಮ ಕಡೆಯ ಸಂಬಂಧಿಕರೊಬ್ಬರು ಏಳು ತಿಂಗಳು ಗಂಟು ಇಟ್ಕೊಂಡು ಸುಮ್ಮನಿದ್ದರು. ಯಾಕೆ ಅಂದ್ರೆ, ‘ನೋವೇ ಇರ್ಲಿಲ್ವಲ್ಲಪ್ಪ’ ಅಂದರು. ಯಾರಾದರೂ ಅವರಿಗೆ ಕನ್ನಡದಲ್ಲಿ, ನೋವಿಲ್ಲದ ಗಂಟನ್ನೇ ಮೊದಲು ತೋರಿಸಬೇಕು ಅಂತ ಒಂದೇ ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು.

ಆ ವಾಕ್ಯಗಳನ್ನ ಇಲ್ಲೇ ಬರೆದುಬಿಡ್ತೀನಿ. ಮೊಲೆಯಲ್ಲಿ ಅಥವಾ ಕಂಕುಳಲ್ಲಿ ಗಂಟು, ನೋವಿರಲಿ ಬಿಡಲಿ. ಚರ್ಮ ಗುಳಿ ಬಿದ್ದಿರೋದು, ಕಿತ್ತಳೆ ಸಿಪ್ಪೆ ಥರ ಆಗಿರೋದು. ಮೊದಲು ಸರಿ ಇದ್ದ ತೊಟ್ಟು ಒಳಕ್ಕೆ ಹೋಗಿರೋದು, ಅದರಿಂದ ರಕ್ತ ಬರೋದು. ಆಕಾರ ಬದಲಾಗಿರೋದು. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲವೇ ಅಲ್ಲ, ಆದರೆ ಅದನ್ನ ಹೇಳಬೇಕಾದ್ದು ಡಾಕ್ಟರು, ಪಕ್ಕದ ಮನೆಯವರಲ್ಲ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತೆ ಅನ್ನೋದು ಶುದ್ಧ ಸುಳ್ಳು. ಈ ಒಂದು ಸುಳ್ಳಿನಿಂದ ಎಷ್ಟು ಜನ ಬಯಾಪ್ಸಿ ಟೇಬಲ್ಲಿಂದ ಎದ್ದು ನಾಟಿ ಔಷಧಿಗೆ ಹೋಗ್ತಾರೋ! ಕಪ್ಪು ಬ್ರಾ ಹಾಕಬೇಡಿ ಅನ್ನೋ ವಾಟ್ಸಾಪ್ ಫಾರ್ವರ್ಡನ್ನ ದಯವಿಟ್ಟು ಡಿಲೀಟ್ ಮಾಡಿ.

‘ಹೆಂಗಸರ ವಿಷಯ, ನಿಂಗ್ಯಾಕಯ್ಯಾ’ ಅಂತ ಕಾಮೆಂಟ್ ಬರುತ್ತೆ, ಗೊತ್ತು :) ಮೊದಲನೇದು, ಅಪರೂಪಕ್ಕೆ ಗಂಡಸರಿಗೂ ಬರುತ್ತೆ. ಎರಡನೇದು, ಅವರನ್ನ ಬಸ್ ಹತ್ತಿಸಿ ಜಿಲ್ಲಾ ಆಸ್ಪತ್ರೆಗೋ ಕಿದ್ವಾಯಿಗೋ ಕರ್ಕೊಂಡು ಹೋಗಬೇಕಾ, ಕೊಯ್ಲು ಮುಗಿಯೋ ತನಕ ಕಾಯಬೇಕಾ ಅಂತ ಬಹಳಷ್ಟು ಮನೆಗಳಲ್ಲಿ ತೀರ್ಮಾನ ಮಾಡೋದು ನಾವೇ. ಲಕ್ಷಣ ಕಂಡು ತೋರಿಸಿದ ಮೇಲೆ 60 ದಿನದ ಒಳಗೆ ಏನು ಕಾಯಿಲೆ ಅಂತ ಗೊತ್ತಾಗಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಗುರಿ ಇಟ್ಟಿದೆ. ನಮ್ಮ ಮನೆಗಳಲ್ಲಿ ಹಬ್ಬ ಮುಗೀಲಿ, ಮಗಳ ಪರೀಕ್ಷೆ ಮುಗೀಲಿ, ಮದುವೆ ಮುಗೀಲಿ ಅಂತ ಅನ್ನೋದರಲ್ಲೇ ಆ 60 ದಿನ ಎರಡು ಸಲ ಕಳೆದಿರುತ್ತೆ.