ಪದವೀಧರರೂ ವಕೀಲರ ಗುಮಾಸ್ತೆಗಿರಿಯೂ

ಅಂತಿಮ ಬಿ.ಎ. ತರಗತಿಯಲ್ಲಿ ಕುಳಿತಿರುವ ನಮ್ಮನ್ನು ಯಾರಾದರೂ "ಮುಂದೇನು?" ಎಂದು ಕೇಳಿದರೆ ಬರುವ ಉತ್ತರಗಳು ಮೂರೇ. ಒಂದು ಬಿ.ಎಡ್., ಇನ್ನೊಂದು ಸರ್ಕಾರಿ ಪರೀಕ್ಷೆ, ಎರಡೂ ಆಗದಿದ್ದರೆ ಬೆಂಗಳೂರು. ನಾಲ್ಕನೆಯ ದಾರಿಯೊಂದು ನಮ್ಮ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿಯೇ ಇದೆ. ಅದರ ಮುಂದೆ ನಿತ್ಯವೂ ಬಸ್ಸಿನಲ್ಲಿ ಹಾದುಹೋಗುವ ನಾವು ಅದನ್ನು ದಾರಿಯೆಂದೇ ಎಣಿಸುವುದಿಲ್ಲ. ವಕೀಲರ ಗುಮಾಸ್ತೆಯ ಕೆಲಸವೆಂದರೆ ಕರಿ ಕೋಟಿನ ಹಿಂದೆ ಫೈಲು ಹೊತ್ತು ನಡೆಯುವುದು, ಚಹಾ ತರಿಸುವುದು ಎಂಬ ಭಾವನೆ ಬೇರೂರಿಬಿಟ್ಟಿದೆ. ಹೊರದೇಶಗಳಲ್ಲಿ ಇದೇ ಕೆಲಸ ಮಾಡುವವರನ್ನು ಪ್ಯಾರಾಲೀಗಲ್ ಎಂದು ಕರೆಯುತ್ತಾರೆ. ಹೆಸರು ಬದಲಾದೊಡನೆ ನಮ್ಮವರೂ ಗೌರವದಿಂದ ತಲೆದೂಗುತ್ತಾರೆ!

ಈ ಕೆಲಸದ ಭಾರ ಎಷ್ಟೆಂಬುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ಸಿವಿಲ್ ದಾವೆಯಲ್ಲಿ ಸೋತವನು ಮೇಲ್ಮನವಿ ಹೂಡಬೇಕಾದರೆ 1963ರ ಕಾಲಪರಿಮಿತಿ ಅಧಿನಿಯಮದ ಪ್ರಕಾರ ಜಿಲ್ಲಾ ನ್ಯಾಯಾಲಯಕ್ಕಾದರೆ 30 ದಿನ, ಉಚ್ಚ ನ್ಯಾಯಾಲಯಕ್ಕಾದರೆ 90 ದಿನ. ಆದರೆ ತೀರ್ಪಿನ ಪ್ರಮಾಣೀಕೃತ ನಕಲು ಪಡೆಯಲು ತಗಲುವ ಕಾಲವನ್ನು ಈ ಲೆಕ್ಕದಿಂದ ಬಿಡುತ್ತಾರೆ. ನಕಲಿಗೆ ಅರ್ಜಿ ಹಾಕಿದ ದಿನ ಯಾವುದು, ಸಿದ್ಧವಾದ ದಿನ ಯಾವುದು ಎಂಬುದನ್ನು ನೋಡಿ ದಿನಗಳನ್ನು ಕೂಡಿ ಕಳೆದು ಡೈರಿಯಲ್ಲಿ ಬರೆದಿಡುವವನು ಗುಮಾಸ್ತೆ. ಕೇವಿಯಟ್ ಹಾಕಿದರೆ ಅದರ ಆಯುಸ್ಸು 90 ದಿನ. ತೊಂಬತ್ತೊಂದನೆಯ ದಿನ ಅದು ಬರಿಯ ಕಾಗದ. ಇವುಗಳಲ್ಲಿ ಒಂದನ್ನು ಮರೆತರೆ ಯಾವುದೋ ಹಳ್ಳಿಯ ಎರಡು ಎಕರೆ ಹೊಲ ಕೈಬಿಡಬಹುದು. ಇದು ಫೈಲು ಹೊರುವ ಕೆಲಸವೇ?

ಇನ್ನು ಒಳಗೆ ಕಾಲಿಡುವ ಮಾತು. ಕಳೆದ ಬೇಸಿಗೆ ರಜೆಯಲ್ಲಿ ನಾನು ಐದಾರು ಕಚೇರಿಗಳ ಮೆಟ್ಟಿಲು ಹತ್ತಿ ಇಳಿದೆ. ಎಲ್ಲ ಕಡೆಯೂ ಮೊದಲ ಪ್ರಶ್ನೆ "ಅನುಭವ ಉಂಟೇನಮ್ಮ?" ಎಂಬುದೇ. ಒಬ್ಬರು ಆರು ತಿಂಗಳು ಸಂಬಳವಿಲ್ಲದೆ ಬಂದು ಕಲಿ ಎಂದರು. ಮತ್ತೊಬ್ಬ ಹಿರಿಯರು ಕನ್ನಡಕ ತೆಗೆದು, ಕಕ್ಷಿಗಾರರು ರಾತ್ರಿ ಎಂಟರವರೆಗೂ ಬರುತ್ತಾರೆ, ಹೆಣ್ಣುಮಗಳು ಊರಿಗೆ ಹೇಗೆ ಹೋಗುತ್ತೀಯೆ ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ಕಾಳಜಿಯೂ ಇತ್ತೆಂದು ಒಪ್ಪುತ್ತೇನೆ. ಆದರೆ ಅನುಭವವಿಲ್ಲದವರಿಗೆ ಕೆಲಸವಿಲ್ಲ, ಕೆಲಸವಿಲ್ಲದವರಿಗೆ ಅನುಭವವಿಲ್ಲ ಎಂಬ ಈ ಗಾಣದಲ್ಲಿ ಸುತ್ತುವವರು ಯಾರು? ವಕೀಲರ ಮಕ್ಕಳು ತಂದೆಯ ಕಚೇರಿಯ ಜಗುಲಿಯಲ್ಲಿ ಆಡುತ್ತಲೇ ವಕಾಲತ್ತು, ಪ್ರಮಾಣಪತ್ರ, ವಾಯಿದೆ ಎಂಬ ಮಾತುಗಳನ್ನು ಕಲಿತುಬಿಡುತ್ತಾರೆ. ಅದು ಬುದ್ಧಿಯ ಹೆಚ್ಚಳವಲ್ಲ, ಜಗುಲಿಯ ಪುಣ್ಯ. ಗಾರೆ ಕೆಲಸದವರ ಮನೆಯಿಂದ ಬಂದು, ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮನೆಗೇ ಮೊದಲಿಗಳಾದ ನನ್ನಂಥವಳಿಗೆ ಆರು ತಿಂಗಳ ಸಂಬಳವಿಲ್ಲದ ಕಲಿಕೆ ಎಂದರೆ ಆರು ತಿಂಗಳ ಬಸ್ಸಿನ ಪಾಸು ಮತ್ತು ಅಮ್ಮನ ಕಿವಿಯೋಲೆ.

ಹಾಗೆಂದಮಾತ್ರಕ್ಕೆ ನಮಗೆ ಅನುಭವವೇ ಇಲ್ಲವೆಂಬುದನ್ನು ನಾನು ಒಪ್ಪಲಾರೆ. ಮನೆಯಲ್ಲಿ ಮೊದಲು ಅಕ್ಷರ ಕಲಿತವರ ಪಾಡು ನಮ್ಮಲ್ಲಿ ಅನೇಕರಿಗೆ ಗೊತ್ತಿದೆ. ಏಳನೆಯ ತರಗತಿಯಿಂದಲೇ ಕೇರಿಯವರ ಪಿಂಚಣಿ ಅರ್ಜಿ, ಪಡಿತರ ಚೀಟಿಯ ತಿದ್ದುಪಡಿ, ಬ್ಯಾಂಕಿನ ನೋಟೀಸು ಎಲ್ಲವೂ ನಮ್ಮ ಕೈಗೇ ಬರುತ್ತವೆ. ನಾಡಕಚೇರಿಯ ಕಿಟಕಿಯ ಮುಂದೆ ನಿಂತು, "ಇವತ್ತು ಆಗಲ್ಲ, ನಾಳೆ ಬಾ" ಎಂಬ ಮಾತಿಗೆ ಉತ್ತರ ಕಲಿತವರು ನಾವು. ಕೆಲಸ ಕೇಳಲು ಹೋದಾಗ ಇದನ್ನು ಹೇಳಿಕೊಳ್ಳಲು ನಾಚುತ್ತೇವೆ. ನಾಚಬೇಕಾಗಿಲ್ಲ. ದೊಡ್ಡಪ್ಪನ ಪಹಣಿಯಲ್ಲಿ ಹೆಸರು ತಪ್ಪಿದ್ದಾಗ ಯಾವ ಕಚೇರಿಗೆ ಏನೇನು ಲಗತ್ತಿಸಿ ಅರ್ಜಿ ಕೊಟ್ಟೆವೆಂಬುದನ್ನು ನಾಲ್ಕು ಸಾಲಿನಲ್ಲಿ ಬರೆದು ತೋರಿಸಬಲ್ಲವರು ಅರ್ಧ ಗುಮಾಸ್ತೆಯಾಗಿಯೇ ಇದ್ದಾರೆ.

ಕಾಲವೂ ನಮಗೆ ಸ್ವಲ್ಪ ಅನುಕೂಲವಾಗಿದೆ. 2024ರ ಜುಲೈ 1ರಿಂದ ದಂಡ ಸಂಹಿತೆಯ ಸ್ಥಾನಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿತು. ಕೊಲೆಯ 302 ಈಗ 103. ನಮ್ಮ ಮಾತಿನಲ್ಲಿ ಮೋಸಗಾರನಿಗೆ ಅಡ್ಡಹೆಸರೇ ಆಗಿಹೋಗಿದ್ದ 420 ಈಗ 318. ಮೂವತ್ತು ವರ್ಷ ಸಂಖ್ಯೆಗಳನ್ನು ಬಾಯಿಪಾಠ ಮಾಡಿದವರೂ ಹೊಸ ಪುಸ್ತಕ ತೆರೆಯಬೇಕಾಯಿತು. ಕಾಗದಪತ್ರಗಳನ್ನು ಗಣಕಯಂತ್ರದ ಮೂಲಕ ದಾಖಲು ಮಾಡುವ ಪದ್ಧತಿಯೂ ಬಂದಿದೆ. ಈ ಭಾಗದಲ್ಲಿ ಹಳಬರೂ ಹೊಸಬರೂ ಒಂದೇ ಬೆಂಚಿನವರು.

ಆದರೆ ಎಲ್ಲವನ್ನೂ ಅಷ್ಟಿಷ್ಟು ತಿಳಿದವರಿಗಿಂತ ಒಂದನ್ನು ಚೆನ್ನಾಗಿ ಅರಿತವರಿಗೆ ಬಾಗಿಲು ಬೇಗ ತೆರೆಯುತ್ತದೆಂದು ನನ್ನ ಅಭಿಪ್ರಾಯ. ಮೋಟಾರು ಅಪಘಾತದ ಪರಿಹಾರದ ಮೊಕದ್ದಮೆಗಳು ಅಂಥದೊಂದು ವಿಭಾಗ. ಆದರೆ ನಮ್ಮಂಥ ಊರಿನವರಿಗೆ ಎಲ್ಲಕ್ಕಿಂತ ಒದಗುವುದು ಭೂಮಿಯ ದಾಖಲೆ. ಪಹಣಿಯ ಒಂಬತ್ತನೆಯ ಕಲಮಿನಲ್ಲಿ ಮಾಲೀಕನ ಹೆಸರು, ಹನ್ನೆರಡನೆಯದರಲ್ಲಿ ಸಾಗುವಳಿದಾರನ ಹೆಸರು ಇರುತ್ತದೆ. ಇವೆರಡರ ನಡುವಿನ ಅಂತರದಲ್ಲಿಯೇ ಕರ್ನಾಟಕದ ಗೇಣಿದಾರರ ಚರಿತ್ರೆ ಅಡಗಿದೆ. 1961ರ ಭೂಸುಧಾರಣಾ ಅಧಿನಿಯಮದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಉಳುವವರು ಏಳನೆಯ ನಮೂನೆಯಲ್ಲಿ ಅರ್ಜಿ ಹಾಕಿ ಭೂ ನ್ಯಾಯಮಂಡಳಿಯ ಮುಂದೆ ನಿಂತರು. ಆಗ ಅವರ ಕೈಯಲ್ಲಿದ್ದ ಮುಖ್ಯ ಆಧಾರಗಳಲ್ಲಿ ಈ ಹನ್ನೆರಡನೆಯ ಕಲಮೂ ಒಂದು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಮಾರಿದರೆ ಆ ಕ್ರಯವು 1978ರ ಕಾಯಿದೆಯಂತೆ ಊರ್ಜಿತವಾಗದು. ಕ್ರಯಪತ್ರ ಓದುವವರು ಮಂಜೂರಾತಿಯ ಮೂಲ ಆದೇಶ ಕೇಳದೆ ಬಿಟ್ಟರೆ ಕೊಂಡವನೂ ಕೆಟ್ಟ, ಮಾರಿದವನೂ ಕೆಟ್ಟ. ಆಕಾರಬಂದು, ಟಿಪ್ಪಣಿ, ಪೋಡಿ, ಹದ್ದುಬಸ್ತು, ಋಣಭಾರ ಪತ್ರ ಇವುಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು, ವಿಸ್ತೀರ್ಣ ಎಲ್ಲಿ ತಾಳೆಯಾಗುವುದಿಲ್ಲವೆಂದು ಗುರುತಿಸಿ, ವರ್ಷವಾರು ಒಂದು ಪಟ್ಟಿ ಬರೆದುಕೊಡುವವರು ಸಿಕ್ಕರೆ ಯಾವ ವಕೀಲರು ಬೇಡವೆಂದಾರು? ಇತಿಹಾಸದ ತರಗತಿಯಲ್ಲಿ ಆಕರಗಳನ್ನು ಹೋಲಿಸಿ ನೋಡಿರೆಂದು ಗುರುಗಳು ಹೇಳಿಕೊಟ್ಟದ್ದು ಇದನ್ನೇ ಅಲ್ಲವೆ? ಉತ್ತರದ ಜಿಲ್ಲೆಗಳ ಹಳೆಯ ದಾಖಲೆಗಳಲ್ಲಿ ಎಷ್ಟೋ ಮೋಡಿ ಲಿಪಿಯಲ್ಲಿವೆ. ಅದನ್ನು ಓದಬಲ್ಲ ಪದವೀಧರನಿಗೆ ಅನುಭವದ ಪ್ರಶ್ನೆ ಯಾರು ಹಾಕುತ್ತಾರೆ?

ಕಲಿಯಲು ಇನ್ನೊಂದು ಸ್ಥಳವುಂಟು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮವು 1995ರ ನವೆಂಬರ್ 9ರಂದು ಜಾರಿಗೆ ಬಂದಿತು. ಅದರಂತೆ ತಾಲ್ಲೂಕಿಗೊಂದು ಕಾನೂನು ಸೇವಾ ಸಮಿತಿಯಿದೆ. ಅಲ್ಲಿ ಮಹಿಳೆಯರಿಗೆಲ್ಲ ಆದಾಯ ಕೇಳದೆಯೇ ಉಚಿತ ನೆರವು ದೊರೆಯುತ್ತದೆ. 2009ರಲ್ಲಿ ರಾಷ್ಟ್ರೀಯ ಪ್ರಾಧಿಕಾರವು ಪ್ಯಾರಾಲೀಗಲ್ ಸ್ವಯಂಸೇವಕರ ಯೋಜನೆ ತಂದಿತು. ನಮ್ಮ ಪತ್ರಿಕೆಗಳು ಇವರನ್ನು "ಅರೆಕಾಲಿಕ ಕಾನೂನು ಸ್ವಯಂಸೇವಕರು" ಎಂದು ಬರೆಯುವುದುಂಟು. ಕಾಲಕ್ಕೂ ಇದಕ್ಕೂ ಏನು ಸಂಬಂಧವೋ ಅನುವಾದಕರೇ ಬಲ್ಲರು. ವಕೀಲರಲ್ಲದವರನ್ನೇ ಆರಿಸಿ ತರಬೇತಿ ಕೊಡುವ ಯೋಜನೆ ಇದು. ಸಂಬಳವಿಲ್ಲ, ಕೆಲಸ ಮಾಡಿದ ದಿನಕ್ಕೆ ಗೌರವಧನ ಮಾತ್ರ. ಇದನ್ನೇ ನೌಕರಿಯೆಂದು ಯಾರೂ ಭ್ರಮಿಸಬಾರದು. ಆದರೆ ಅಲ್ಲಿ ದೊರೆಯುವ ತರಬೇತಿಯನ್ನು ಯಾವ ಕಚೇರಿಯವರೂ ಅನುಭವವಲ್ಲವೆಂದು ತಳ್ಳಿಹಾಕಲಾರರು. 2022ರಲ್ಲಿ ಆರೋಪಿಗಳ ನೆರವಿಗೆಂದು ಬಂದ ಕಾನೂನು ನೆರವು ಅಭಿರಕ್ಷಕರ ಯೋಜನೆಯಲ್ಲಿ ಕಚೇರಿ ಸಹಾಯಕರ ಸ್ಥಾನಗಳನ್ನೂ ಇರಿಸಿದ್ದಾರೆ. ಅಲ್ಲಿ ಕೇಳುವುದು ಪದವಿ, ಬೆರಳಚ್ಚಿನ ವೇಗ, ಕಡತ ಇಡುವ ತಿಳಿವಳಿಕೆ.

ಒಂದು ಎಚ್ಚರಿಕೆಯ ಮಾತು ಹೇಳದೆ ಹೋಗಲಾರೆ. ಗುಮಾಸ್ತೆಯು ವಕೀಲನಲ್ಲ. 1961ರ ವಕೀಲರ ಅಧಿನಿಯಮದಂತೆ ವಕೀಲಿ ವೃತ್ತಿಯ ಹಕ್ಕು ವಕೀಲರಿಗೇ ಸೇರಿದ್ದು. ನ್ಯಾಯಾಲಯದ ಬಾಗಿಲಲ್ಲಿ ಹಳ್ಳಿಯವರನ್ನು ಹಿಡಿದು, "ನಾನು ಗೆಲ್ಲಿಸಿಕೊಡುತ್ತೇನೆ" ಎಂದು ಹಣ ಕೀಳುವವರನ್ನು ನಾವೆಲ್ಲರೂ ಕಂಡಿದ್ದೇವೆ. ಆ ಸಾಲಿಗೆ ಇನ್ನೊಬ್ಬ ಪದವೀಧರ ಸೇರುವುದಾದರೆ ಈ ಲೇಖನ ಬರೆದದ್ದು ವ್ಯರ್ಥ.

ಹಿರಿಯ ವಕೀಲರಲ್ಲಿ ನನ್ನ ವಿನಂತಿಯಿಷ್ಟೆ. ಕಲಿಸುವ ಕಾಲಕ್ಕೂ ಬಸ್ಸಿನ ಖರ್ಚು, ಮಧ್ಯಾಹ್ನದ ಊಟದಷ್ಟಾದರೂ ಕೊಡಿ. ಒಂದು ತಿಂಗಳು ನೋಡಿ, ಆಗದಿದ್ದರೆ ಕಳುಹಿಸಿಬಿಡಿ. ಇನ್ನು ನಮ್ಮ ಕಾಲೇಜಿನವರು ಮಾಡಬಹುದಾದದ್ದೂ ಹೆಚ್ಚೇನಲ್ಲ. ರಾಜ್ಯಶಾಸ್ತ್ರ ವಿಭಾಗದವರು ತಾಲ್ಲೂಕು ಸಮಿತಿಯ ಕಾರ್ಯದರ್ಶಿಗಳಿಗೆ ಒಂದು ಪತ್ರ ಬರೆದು, ಮುಂದಿನ ಸ್ವಯಂಸೇವಕರ ಆಯ್ಕೆಯ ಪ್ರಕಟಣೆಯ ಪ್ರತಿಯನ್ನು ನಮ್ಮ ಸೂಚನಾ ಫಲಕಕ್ಕೂ ಕಳುಹಿಸಿರೆಂದು ಕೇಳಬಹುದು. ಕನ್ನಡ ಬೆರಳಚ್ಚಿನ ಅಭ್ಯಾಸಕ್ಕೆ ಪೇಟೆಯಲ್ಲಿ ಶಾಲೆಯಿದೆ. ಆದರೆ ಅದರ ಪಾಠ ಆರಕ್ಕೆ ಶುರುವಾದರೆ ನಮ್ಮ ಕಡೆಯ ಕೊನೆಯ ಬಸ್ಸು ಆರೂವರೆಗೆ ಹೊರಟುಬಿಡುತ್ತದೆ. ಕಾಲೇಜಿನ ಗಣಕಯಂತ್ರಗಳ ಕೊಠಡಿಗೆ ನಾಲ್ಕು ಗಂಟೆಗೆ ಬೀಗ ಬೀಳುತ್ತದೆ. ಅದನ್ನು ಐದೂವರೆಯವರೆಗೆ ತೆರೆದಿಡಬೇಕೆಂದು ಪ್ರಾಂಶುಪಾಲರಲ್ಲಿ ಕೇಳಿಕೊಳ್ಳಲು ನಾವು ಹದಿನಾಲ್ಕು ಮಂದಿ ರುಜು ಹಾಕಿದ ಅರ್ಜಿಯೊಂದು ಸಿದ್ಧವಾಗಿದೆ. ರುಜು ಹಾಕಲಿಚ್ಛಿಸುವವರು ಇನ್ನೂ ಇದ್ದರೆ ಗ್ರಂಥಾಲಯದಲ್ಲಿ ನನ್ನನ್ನು ಕಾಣಬಹುದು.