ಮಳೆಯ ಮೇಲೆ ಬಂದ ಅಪವಾದ

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಬಣ್ಣದಲ್ಲಿ ಹೊತ್ತುವ ಎಂಜಿನ್ ಲೈಟು ಹುಟ್ಟಿದ್ದು ಮೆಕ್ಯಾನಿಕ್‌ಗೆ ನೆರವಾಗಲೆಂದಲ್ಲ, ಹೊಗೆಯ ಮೇಲೆ ಕಣ್ಣಿಡಲೆಂದು. ಕ್ಯಾಲಿಫೋರ್ನಿಯಾದ ವಾಯು ಮಂಡಳಿ 1988ರ ಮಾದರಿಯ ಕಾರುಗಳಿಂದ ಇದಕ್ಕೆ ನಾಂದಿ ಹಾಡಿತು. 1996ರ ಹೊತ್ತಿಗೆ ಅಮೆರಿಕದ ಕಾರುಗಳಿಗೆಲ್ಲ ಒಂದೇ ಬಗೆಯ 16 ಪಿನ್ನಿನ ಸಾಕೆಟ್ಟು, ಒಂದೇ ಬಗೆಯ ಕೋಡು ಬಂತು. ಈ ವ್ಯವಸ್ಥೆಯ ಎರಡನೇ ಹಂತ ನಮ್ಮಲ್ಲಿ ಜಾರಿಯಾದದ್ದು 2013ರ ಏಪ್ರಿಲ್‌ನಲ್ಲಿ. ಅಲ್ಲಿಂದೀಚೆಗೆ ಸಣ್ಣ ಊರಿನ ಗ್ಯಾರೇಜಿಗೂ ಸ್ಕ್ಯಾನರ್ ಬಂದಿದೆ. ಜೊತೆಗೆ, ಸ್ಕ್ಯಾನರ್ ಹೇಳಿದ ಮೇಲೆ ಮುಗಿಯಿತು ಎಂಬ ನಂಬಿಕೆಯೂ ಬಂದಿದೆ. ನನ್ನ ತಕರಾರು ಇರುವುದು ಈ ನಂಬಿಕೆಯ ಬಗ್ಗೆ.

ಹಾಸನದ ಗೆಳೆಯರೊಬ್ಬರಿಗೆ ಶಿರಾಡಿ ಘಾಟಿಯ ಕೆಳಗೆ ಅಡಿಕೆ ತೋಟವಿದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಸಲು ಹೊಳವಾದಾಗಲೆಲ್ಲ ಅವರು ಅಲ್ಲಿಗೆ ಓಡಬೇಕು. ವಾಪಸು ಬರುವಾಗ ಗುಂಡ್ಯ ದಾಟಿ ಏರು ಶುರುವಾದ ಮೇಲೆ ಎಂಜಿನ್ ಒಮ್ಮೆ ಮುಗ್ಗರಿಸುತ್ತಿತ್ತು, ಲೈಟು ಹೊತ್ತುತ್ತಿತ್ತು. ಹಾಸನದಲ್ಲಿ ನಾಲ್ಕು ದಿನ ಓಡಾಡಿದರೆ ತಾನಾಗಿ ಆರುತ್ತಿತ್ತು. ಅದರ ಕಟ್ಟಳೆಯೇ ಹಾಗೆ: ಸತತ ಮೂರು ಓಟದಲ್ಲಿ ದೋಷ ಕಾಣದಿದ್ದರೆ ದೀಪ ಆರುತ್ತದೆ, ಕೋಡು ಮಾತ್ರ ಎಂಜಿನ್ 40 ಸಲ ತಣಿದು ಬಿಸಿಯಾಗುವವರೆಗೆ ಕಂಪ್ಯೂಟರಿನ ನೆನಪಿನಲ್ಲಿರುತ್ತದೆ. ಅಲ್ಲಿದ್ದ ಕೋಡು ಪಿ0340, ಅಂದರೆ ಕ್ಯಾಮ್‌ಶಾಫ್ಟ್ ಸೆನ್ಸರಿನ ಸರ್ಕ್ಯೂಟಿನಲ್ಲಿ ತೊಂದರೆ. ಸೆನ್ಸರ್ ಬದಲಾಯಿತು, ಲೈಟು ಮತ್ತೆ ಬಂತು. ಇನ್ನೊಂದು ಸೆನ್ಸರ್ ಹಾಕಿದರು, ಈ ಸಲ ಕಂಪನಿಯದೇ. ಆಗಲೂ ಬಂತು. "ಮಳೆ ನೀರು ಕಪ್ಲರ್‌ಗೆ ಇಳೀತಿದೆ ಸಾರ್" ಎಂದು, ಸೆನ್ಸರಿಗೆ ತಂತಿ ಜೋಡಿಸುವ ಆ ಕಪ್ಲರಿಗೆ ಗ್ರೀಸ್ ತುಂಬಿ, ಟೇಪು ಸುತ್ತಿ ಕಳಿಸಿದರು. ಗೆಳೆಯರಿಗೂ ಮಳೆಯ ಮೇಲೇ ಅನುಮಾನ. ಬಿಸಿಲಿನಲ್ಲಿ ಲೈಟು ಹೊತ್ತಿದ್ದೇ ಇಲ್ಲವಲ್ಲ!

ಈ ಬಗೆಯ ಸೆನ್ಸರಿಗೆ ಸಾಮಾನ್ಯವಾಗಿ ಮೂರು ತಂತಿ. ಒಂದು ಕರೆಂಟು ಕೊಡುವುದು, ಒಂದು ಅರ್ತಿಂಗ್, ಇನ್ನೊಂದು ಸುದ್ದಿ ಒಯ್ಯುವುದು. ಬರಬೇಕಾದ ಸುದ್ದಿ ಬರಲಿಲ್ಲ ಎಂಬುದಷ್ಟೇ ಕಂಪ್ಯೂಟರಿಗೆ ಗೊತ್ತು. ಸೆನ್ಸರ್ ಸತ್ತಿದೆಯೋ, ಮೂರರಲ್ಲಿ ಯಾವ ತಂತಿ ಹರಿದಿದೆಯೋ, ಕಪ್ಲರಿನೊಳಗಿನ ಪಿನ್ನು ಸಡಿಲವೋ, ಅದಕ್ಕೆ ತಿಳಿಯದು. ದೂರು ಕೊಟ್ಟವನನ್ನೇ ಹಿಡಿದು ಲಾಕಪ್ಪಿಗೆ ಹಾಕುವಂತೆ ನಾವು ಸೆನ್ಸರನ್ನು ಬಿಚ್ಚಿ ಎಸೆಯುತ್ತೇವೆ.

ಮಳೆಯ ಮೇಲಿನ ಆರೋಪ ಇದಕ್ಕಿಂತ ಸ್ವಾರಸ್ಯದ್ದು. ಹದಿನೇಳನೇ ಶತಮಾನದ ಅನ್ನಂಭಟ್ಟನ 'ತರ್ಕಸಂಗ್ರಹ'ವನ್ನು ಸಂಸ್ಕೃತ ಪಾಠಶಾಲೆಗಳಲ್ಲಿ ಇಂದಿಗೂ ತರ್ಕದ ಮೊದಲ ಪಾಠವಾಗಿ ಓದಿಸುತ್ತಾರೆ. ಅಲ್ಲಿನ ಪ್ರಸಿದ್ಧ ಉದಾಹರಣೆಯೂ ಹೊಗೆಯದೇ. ಬೆಟ್ಟದ ಮೇಲೆ ಹೊಗೆಯಿದೆ, ಆದ್ದರಿಂದ ಬೆಂಕಿಯಿದೆ ಎಂದರೆ ಸರಿ. ಬೆಂಕಿಯಿದೆ, ಆದ್ದರಿಂದ ಹೊಗೆಯಿದೆ ಎಂದರೆ ತಪ್ಪು, ಏಕೆಂದರೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಹೊಗೆಗೆ ಹಸಿ ಸೌದೆ ಬೇಕು. ನಡುವೆ ಕಣ್ತಪ್ಪಿಸಿ ಕೂತ ಈ ಹಸಿ ಸೌದೆಯನ್ನು ನೈಯಾಯಿಕರು, ಅಂದರೆ ನ್ಯಾಯಶಾಸ್ತ್ರದ ತಾರ್ಕಿಕರು, ಉಪಾಧಿ ಎನ್ನುತ್ತಾರೆ. ಅದನ್ನು ಗುರುತಿಸಲು ಒಂದು ಲಕ್ಷಣವನ್ನೂ ಕೊಟ್ಟಿದ್ದಾರೆ: ನಾವು ಸಾಧಿಸಹೊರಟದ್ದು ಇರುವ ಕಡೆಯೆಲ್ಲ ಉಪಾಧಿ ಇರುತ್ತದೆ, ನಾವು ಕಾರಣವೆಂದು ತೋರಿಸಿದ್ದು ಇರುವ ಕಡೆಯೆಲ್ಲ ಇರುವುದಿಲ್ಲ.

ತರ್ಕಶಾಸ್ತ್ರದ ಹೆಸರೂ ಕೇಳಿರದ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರು ಮಾಡಿದ್ದು ಇದನ್ನೇ. ಮೊದಲು ಎಂಜಿನ್ ಓಡುತ್ತಿರುವಾಗಲೇ ಕಪ್ಲರಿನ ಸುತ್ತ ಪೈಪಿನಿಂದ ನೀರು ಬಿಟ್ಟರು. ಏನೂ ಆಗಲಿಲ್ಲ. ಮಳೆ ಅಲ್ಲಿಗೆ ಖುಲಾಸೆಯಾಯಿತು. "ಗಾಡಿ ಬೇರೆ ದಿನ ಎಲ್ಲಿ ಓಡ್ಸ್ತೀರ ಸಾರ್?" ಎಂದು ಕೇಳಿದರು. ಆಫೀಸು, ಮಾರ್ಕೆಟ್ಟು, ಎಲ್ಲ ಸಮತಟ್ಟು ರಸ್ತೆ. ಘಾಟಿ ಹತ್ತುವುದು ಮಳೆಗಾಲದಲ್ಲಿ ಮಾತ್ರ. ಹಾಗಾದರೆ ಇಲ್ಲಿನ ಹಸಿ ಸೌದೆ ಏರಿನ ಭಾರವಿರಬೇಕು. ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ತುಳಿದು, ಫಸ್ಟ್ ಗೇರಿನಲ್ಲಿ ಕ್ಲಚ್ಚನ್ನು ತುಸುವೇ ಬಿಡಲು ಹೇಳಿ ತಾವು ಬಾನೆಟ್ಟಿನ ಪಕ್ಕಕ್ಕೆ ನಿಂತರು. ಭಾರ ಬಿದ್ದ ಎಂಜಿನ್ ಕೂತಲ್ಲೇ ಹಿಂದಕ್ಕೆ ವಾಲಿತು, ಅದರೊಂದಿಗೆ ವೈರಿಂಗಿನ ಕಟ್ಟೂ ಬಿಗಿಯಿತು. ಎಂಜಿನ್ ಮುಗ್ಗರಿಸಿತು, ಲೈಟು ಹೊತ್ತಿತು. ಒಣ ಶೆಡ್ಡಿನೊಳಗೆ, ಹನಿ ಮಳೆಯಿಲ್ಲದೆ.

ಇನ್ನು ತಂತಿ ಹುಡುಕಬೇಕು. ಮಲ್ಟಿಮೀಟರ್ ಹಿಡಿದರೆ ಮೂರೂ ತಂತಿಗಳಲ್ಲಿ ಬೀಪ್ ಬಂತು. ಹಿಂದಿನವರು ವೈರಿಂಗ್ ಸರಿಯಿದೆ ಎಂದದ್ದು ಈ ಬೀಪನ್ನು ನಂಬಿ. ಮೀಟರು ಪರೀಕ್ಷೆಗೆ ಹರಿಸುವ ಕರೆಂಟು ತೀರ ಸಣ್ಣದು. ತಂತಿಯೊಳಗೆ ಒಂದೇ ಎಳೆ ಉಳಿದಿದ್ದರೂ ಅದು ಬೀಪ್ ಅನ್ನುತ್ತದೆ. ಓಮ್ ಎಂಬ ಜರ್ಮನ್ ಮೇಷ್ಟ್ರು 1827ರಲ್ಲಿ ಅಚ್ಚು ಹಾಕಿಸಿದ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಅರ್ಧ ಓಮ್ ತಡೆ ಇರುವ ತಂತಿಯಲ್ಲಿ ಒಂದು ಮಿಲಿಆಂಪಿಯರ್ ಹರಿದರೆ ನಷ್ಟವಾಗುವುದು ವೋಲ್ಟಿನ ಎರಡು ಸಾವಿರದಲ್ಲೊಂದು ಪಾಲು. ಐದು ಆಂಪಿಯರ್ ಹರಿದರೆ ಎರಡೂವರೆ ವೋಲ್ಟ್ ಮಾಯ. ತಂತಿಯ ಯೋಗ್ಯತೆ ತಿಳಿಯಬೇಕಾದರೆ ಅದರ ಮೇಲೆ ಭಾರ ಹೇರಬೇಕು. ಇವರು ತಂತಿಯ ಎರಡೂ ತುದಿಯ ಕಪ್ಲರ್ ಕಳಚಿ, ಇಂಡಿಕೇಟರಿನ 21 ವ್ಯಾಟ್ ಬಲ್ಬನ್ನು ಒಂದೊಂದೇ ತಂತಿಯ ಮೂಲಕ ಉರಿಸಿದರು. ಎರಡರಲ್ಲಿ ನಿಚ್ಚಳವಾಗಿ ಉರಿಯಿತು. ಅರ್ತಿಂಗ್ ತಂತಿಯಲ್ಲಿ ಕೆಂಪಗೆ ಮಂಕಾಯಿತು. ತುಸು ಎಳೆದಾಗ ಆರಿಯೇಹೋಯಿತು.

ವೈರಿಂಗನ್ನು ಬಾಡಿಗೆ ಬಿಗಿದ ಕ್ಲಿಪ್ಪಿನ ಪಕ್ಕದಲ್ಲೇ ಗಾಯವಿತ್ತು. ಮೇಲಿನ ಪ್ಲಾಸ್ಟಿಕ್ಕಿಗೆ ಗೀರೂ ಬಿದ್ದಿರಲಿಲ್ಲ. ಸೀಳಿ ನೋಡಿದರೆ ಒಳಗೆ ತಾಮ್ರದ ಎಳೆಗಳು ಮುರಿದು ಹಸಿರುಗಟ್ಟಿದ್ದವು.

ತುಂಡು ತಂತಿ ಹಾಕಿ ಬೆಸುಗೆ ಮಾಡಿಕೊಟ್ಟಿದ್ದರೆ ಗೆಳೆಯರು ಖುಷಿಯಿಂದಲೇ ಹೋಗುತ್ತಿದ್ದರು. ಎಲೆಕ್ಟ್ರಿಷಿಯನ್ ಬಿಡಲಿಲ್ಲ. ಎಂಜಿನ್ ಅಷ್ಟು ವಾಲಿದ್ದೇಕೆ ಎಂದು ಟಾರ್ಚ್ ಹಿಡಿದು ಕೆಳಗೆ ನುಸುಳಿದರು. ಎಂಜಿನ್ ಮೌಂಟಿಂಗಿನ ರಬ್ಬರು ಸೀಳಿಹೋಗಿತ್ತು. ಪ್ರತಿ ಏರಿನಲ್ಲೂ ಎಂಜಿನ್ ಅಂಗೈ ಅಗಲ ಜಗ್ಗುತ್ತಿತ್ತು, ತಂತಿ ಅಷ್ಟಷ್ಟೇ ಸವೆಯುತ್ತಿತ್ತು. ಕರೆಂಟಿನ ದೋಷಕ್ಕೆ ಮೂಲ ಒಂದು ರಬ್ಬರು! ಅದಕ್ಕೆ ಸೆನ್ಸರೂ ಇಲ್ಲ, ಕೋಡೂ ಇಲ್ಲ. ಮೌಂಟಿಂಗನ್ನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದರು, ವೈರಿಂಗಿನ ಕ್ಲಿಪ್ಪನ್ನು ಒಂದು ಗೇಣು ಆಚೆ ಸರಿಸಿ ತಂತಿಗೆ ಸಡಿಲ ಕೊಟ್ಟರು. ಬಿಲ್ಲಿನಲ್ಲಿದ್ದದ್ದು ಮೌಂಟಿಂಗಿನ ದುಡ್ಡು, ಅದನ್ನು ಕೂರಿಸಿದ ಕೂಲಿ, ಮತ್ತೆ ವೈರಿಂಗ್ ರಿಪೇರಿ ಎಂದು ಒಂದು ಸಣ್ಣ ಮೊತ್ತ. ಬೇಡವಾಗಿದ್ದ ಎರಡು ಸೆನ್ಸರಿಗೆ ತೆತ್ತದ್ದು ಇದಕ್ಕಿಂತ ಹೆಚ್ಚು. ಆ ಬಿಲ್ಲುಗಳು ಜಿಎಸ್‌ಟಿ ಸಮೇತ ಗೆಳೆಯರ ಫೈಲಿನಲ್ಲಿವೆ.