ಬಿಪಿ ಮಾತ್ರೆಗೆ ತಿಂಗಳಿಗೊಂದು ದಿನದ ಕೂಲಿ ಯಾಕೆ ಕಳ್ಕೋಬೇಕು?

(1/5)
ನಮ್ಮ ಕಂಪಲಾಪುರದ ಕಡೆ ವಯಸ್ಸಾದವರಿರೋ ಮನೆಗೆ ಹೋಗಿ ನೋಡಿ. ಟಿವಿ ಪಕ್ಕದಲ್ಲೋ ದೇವರ ಫೋಟೋ ಪಕ್ಕದಲ್ಲೋ ಮೊಳೆಗೆ ಒಂದು ಪ್ಲಾಸ್ಟಿಕ್ ಕವರ್ ನೇತಾಡ್ತಿರುತ್ತೆ. ಒಳಗೆ ಮಡಚಿ ಮಡಚಿ ಹರಿದ ಚೀಟಿ, ಅರ್ಧ ಖಾಲಿಯಾದ ಅಮ್ಲೋಡಿಪಿನ್ ಶೀಟು, ಮೆಟ್‌ಫಾರ್ಮಿನ್ ಶೀಟು. ಇದು ಜ್ವರದ ಮಾತ್ರೆ ತರ ಐದು ದಿನದ್ದಲ್ಲ, ಜೀವ ಇರೋವರೆಗೂ ನುಂಗೋದು. ಡಾಕ್ಟ್ರಿಗೂ ಗೊತ್ತು, ಮಾತ್ರೆ ಕೊಡೋರಿಗೂ ಗೊತ್ತು. ಆದ್ರೂ ಪ್ರತಿ ತಿಂಗಳು ಹೊಸದಾಗಿ ಕಾಯಿಲೆ ಬಂದೋರ ಹಾಗೆ ಹೋಗಿ, ಚೀಟಿ ಮಾಡಿಸಿ, ಸಾಲಲ್ಲಿ ನಿಂತು, ಅದೇ ಮಾತ್ರೆ ಅದೇ ಡೋಸ್ ತರಬೇಕು.

ನಾನು ಕೇಳ್ತಿರೋದು ಇಷ್ಟೇ. ಬಿಪಿ, ಶುಗರ್ ಹಿಡಿತದಲ್ಲಿರೋರಿಗೆ ಒಂದೇ ಸಲ ಮೂರು ತಿಂಗಳ ಮಾತ್ರೆ ಕೊಡಿ. ಇಸ್ಕೊಳ್ಳೋಕೆ ಮನೆಯವರು ಯಾರು ಬಂದ್ರೂ ಕೊಡಿ.

(2/5)
"ಬಸ್ ಫ್ರೀ ಅಲ್ವಾ, ಹೋಗಿ ಬರ್ಲಿ ಬಿಡು" ಅಂದ ಕ್ಲಾಸಲ್ಲಿ ಒಬ್ಬ. ಹೌದು ಗುರು, 2023ರ ಜೂನ್‌ನಿಂದ ಶಕ್ತಿ ಯೋಜನೇಲಿ ಅಜ್ಜಿಗೆ ಟಿಕೆಟ್ ಇಲ್ಲ. ತಾತನಿಗೆ ಇದೆ. ಹೋದ ದಿನದ ಕೂಲಿ ಯಾರು ಕೊಡ್ತಾರೆ? ಹೊಗೆಸೊಪ್ಪು ಕೀಳೋ ಕಾಲದಲ್ಲಿ ಆಳು ಸಿಗೋದೇ ಕಷ್ಟ. ಬ್ಯಾರನ್‌ಗೆ ಬೆಂಕಿ ಹಾಕಿದ್ಮೇಲಂತೂ ಹಗಲು ರಾತ್ರಿ ಒಬ್ಬರು ಕಾಯ್ತಾನೇ ಇರ್ಬೇಕು. ಆಗ ಮನೆಯವರು ಏನ್ ಮಾಡ್ತಾರೆ ಗೊತ್ತಾ? ಇರೋ ಮಾತ್ರೆನ ದಿನ ಬಿಟ್ಟು ದಿನ ನುಂಗ್ತಾರೆ. ಬಿಪಿ ನೋಯಲ್ಲ, ಉರಿಯಲ್ಲ. ಬಿಟ್ಟಿದ್ದು ಯಾರಿಗೂ ಗೊತ್ತಾಗಲ್ಲ, ಲಕ್ವ ಹೊಡೆದು ಬಾಯಿ ಒಂದು ಕಡೆ ವಾಲೋ ತನಕ.

ನಮ್ಮಜ್ಜಿ ಕಳೆದ ಸೀಸನ್‌ನಲ್ಲಿ ಒಂದು ಆಸ್ಪತ್ರೆಗೆ (ಹೆಸರು ಬೇಡ) ಒಂದೇ ತಿಂಗಳಲ್ಲಿ ಮೂರು ಸಲ ಹೋದ್ರು. ಮೊದಲ ಸಲ ಸ್ಟಾಕ್ ಇಲ್ಲ. ಎರಡನೇ ಸಲ ಡಾಕ್ಟ್ರು ಮೀಟಿಂಗ್‌ಗೆ ಹೋಗಿದ್ರು. ಮೂರನೇ ಸಲ ಸಿಕ್ತು, ಹದಿನೈದು ದಿನದ್ದು ಮಾತ್ರ! ಸ್ಟಾಕ್ ಬಂದಿದೆ ಅಂತ ಒಂದು ಫೋನ್ ಮಾಡಿದ್ರೆ ಮುಗೀತಿತ್ತು. ನಂಬರ್ ಪುಸ್ತಕದಲ್ಲಿ ಬರ್ಕೊಂಡಿರ್ತಾರಲ್ಲ, ಅದು ಯಾಕೆ ಮತ್ತೆ?

(3/5)
ಈಗ ಕಾನೂನಿನ ಮಾತು. ಟೌನಿನ ಪ್ರೈವೇಟ್ ಕ್ಲಿನಿಕ್‌ಗೆ ಹೋಗಿ, ಮೆಡಿಕಲ್ ಸ್ಟೋರಲ್ಲಿ ಮಾತ್ರೆ ತಗೊಳ್ಳೋರು ಇದನ್ನ ಓದ್ಲೇಬೇಕು. 1945ರ ಔಷಧ ನಿಯಮಗಳಲ್ಲಿ 65ನೇ ನಿಯಮ ಅಂತ ಇದೆ. ಅದರ ಪ್ರಕಾರ ಒಂದು ಚೀಟಿಗೆ ಒಂದೇ ಸಲ ಮಾತ್ರೆ ಕೊಡಬೇಕು, ಆದರೆ ಮತ್ತೆ ಕೊಡಬಹುದು ಅಂತ ಡಾಕ್ಟ್ರೇ ಚೀಟಿ ಮೇಲೆ ಬರೆದಿದ್ರೆ ಅಷ್ಟು ಸಲ ಕೊಡಬಹುದು. ಅಂದ್ರೆ ರಿಪೀಟ್ ಚೀಟಿ ಅನ್ನೋದು ಇಂಗ್ಲೆಂಡಿನ ಭಾಗ್ಯ ಅಲ್ಲ. ಅಲ್ಲಿ ಒಂದು ವರ್ಷದವರೆಗೂ ಬರ್ಕೊಡ್ತಾರೆ, ಸರಿ. ನಮ್ಮಲ್ಲೂ ದಾರಿ ಸ್ವಾತಂತ್ರ್ಯಕ್ಕೆ ಮುಂಚಿನಿಂದ ಇದೆ. ಒಂದು ಸಾಲು ಬರೆಯೋಕೆ ಪೆನ್ನು ಓಡ್ಬೇಕು ಅಷ್ಟೇ. ಓಡಿದ್ರೆ ಪ್ರತಿ ತಿಂಗಳ ಕನ್ಸಲ್ಟೇಷನ್ ಫೀಸ್ ನಿಂತೋಗುತ್ತೆ. ಓಡದೇ ಇರೋಕೆ ಕಾರಣ ಅದೊಂದೇ ಅಂತ ನಾನು ಹೇಳ್ತಿಲ್ಲ, ನೀವೇ ಯೋಚ್ನೆ ಮಾಡಿ.

(4/5)
"ಮೂರು ತಿಂಗಳದ್ದು ಒಟ್ಟಿಗೆ ಕೊಡೋಕಾಗಲ್ಲ" ಅಂತಾರೆ. 2020ರ ಲಾಕ್‌ಡೌನ್ ನೆನಪಿದೆಯಾ? ಬಿಪಿ, ಶುಗರ್ ಇರೋರಿಗೆ ಆಶಾ ಕಾರ್ಯಕರ್ತೆಯರ ಮೂಲಕ ಮೂರು ತಿಂಗಳವರೆಗಿನ ಮಾತ್ರೆ ಕೊಡಬಹುದು ಅಂತ ಕೇಂದ್ರ ಆರೋಗ್ಯ ಇಲಾಖೆಯೇ ಆಗ ಹೇಳಿತ್ತು. ಜನ ಆಸ್ಪತ್ರೆಗೆ ಬರೋದು ಸರ್ಕಾರಕ್ಕೆ ಬೇಡವಾಗಿದ್ದಾಗ ಆಗುತ್ತೆ, ಜನಕ್ಕೆ ಕಷ್ಟ ಆದಾಗ ಮಾತ್ರ ಆಗಲ್ವಾ?

ಪಕ್ಕದ ತಮಿಳುನಾಡು 2021ರ ಆಗಸ್ಟ್‌ನಲ್ಲಿ ಕೃಷ್ಣಗಿರಿ ಜಿಲ್ಲೆಯಿಂದಲೇ ಮನೆ ಬಾಗಿಲಿಗೆ ಮಾತ್ರೆ ಕೊಡೋದನ್ನ ಶುರು ಮಾಡ್ತು. ನಮ್ಮಲ್ಲೂ 2024ರಲ್ಲಿ ಕೋಲಾರದಲ್ಲಿ 'ಗೃಹ ಆರೋಗ್ಯ' ಶುರುವಾಯ್ತು. ಖುಷಿ. ಆದರೆ ಉದ್ಘಾಟನೆ ಬ್ಯಾನರ್ ನೋಡಿ ಬಿಪಿ ಇಳಿಯಲ್ಲ, ಪ್ರತಿ ಹಾಡಿಗೂ ಕೇರಿಗೂ ತಪ್ಪದೇ ಮಾತ್ರೆ ಬಂದ್ರೆ ಇಳಿಯುತ್ತೆ. ಇನ್ನೊಂದು ಮಾತು, ಈ ಹೊರೆನೆಲ್ಲ ಆಶಾ ಅಕ್ಕಂದಿರ ತಲೆ ಮೇಲೆ ಹಾಕಿ ಗೌರವಧನ ಮಾತ್ರ ಹಾಗೇ ಇಡೋದು ಮೋಸ. 2025ರ ಜನವರಿ ಚಳೀಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಲ್ಲಿ ಕೂತಿದ್ದು ಸುಮ್ನೆ ಅಲ್ಲ.

(5/5)
"ಹಾಗಾದ್ರೆ ಬಿಪಿ ಚೆಕ್ ಮಾಡೋದು ಬೇಡ್ವಾ?" ಇದು ನ್ಯಾಯವಾದ ಪ್ರಶ್ನೆ. ಚೆಕ್ ಬೇಕೇ ಬೇಕು. ಡೋಸ್ ಬದಲಾಗಿದ್ರೆ, ತಲೆ ಸುತ್ತು, ಕಾಲು ಊತ ಬಂದ್ರೆ ಮೂರು ತಿಂಗಳು ಕಾಯೋ ಮಾತೇ ಇಲ್ಲ, ಡಾಕ್ಟ್ರ ಹತ್ರ ಹೋಗಿ. ಆದರೆ ಬರೀ ಬಿಪಿ ನೋಡೋದಕ್ಕೆ ಉಪಕೇಂದ್ರ ಇದೆ, ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಇರ್ತಾರೆ, ಮಿಷನ್ ಇರುತ್ತೆ. ಈಗಿನ ಸಾಲಲ್ಲಿ ಅಜ್ಜಿಗೆ ನಿಜವಾಗ್ಲೂ ಚೆಕ್ ಆಗ್ತಿದೆಯಾ? ಎಷ್ಟೋ ಸಲ ಹಳೇ ಚೀಟಿ ನೋಡಿ, ಮುಖಾನೂ ನೋಡದೆ "ಅದೇ ಕಂಟಿನ್ಯೂ ಮಾಡಿ" ಅಂತಾರೆ. ಅಷ್ಟು ಹೇಳೋಕೆ ಇಡೀ ದಿನ ಯಾಕೆ ನಿಲ್ಲಿಸ್ತೀರ?

ಕಾಲೇಜ್ ಹುಡುಗ್ರಿಗೆ, ಹುಡುಗೀರಿಗೆ ಒಂದು ಕೆಲಸ. ಇವತ್ತು ಮನೇಲಿ ಆ ಕವರ್ ಇಳಿಸಿ, ಉಳಿದಿರೋ ಮಾತ್ರೆ ಎಣಿಸಿ. ಕಳೆದ ತಿಂಗಳು ಎಷ್ಟು ದಿನ ತಪ್ಪಿದೆ, ಯಾಕೆ ತಪ್ಪಿದೆ, ಅಷ್ಟನ್ನ ಕಾಮೆಂಟಲ್ಲಿ ಹಾಕಿ. ಚೀಟಿ ಫೋಟೋ ಹಾಕ್ಬೇಡಿ, ಅದರಲ್ಲಿ ಹೆಸರು, ನಂಬರ್ ಇರುತ್ತೆ. ಮುಂದಿನ ಗ್ರಾಮಸಭೆಗೆ ಆ ಪಟ್ಟಿನ ಪ್ರಿಂಟ್ ತೆಗೆಸ್ಕೊಂಡು ಹೋಗೋಣ. ಯಾರ್ ಯಾರ್ ಬರ್ತೀರ?

#ಕಂಪಲಾಪುರ #ಪಿರಿಯಾಪಟ್ಟಣ #ಮೂರುತಿಂಗಳಮಾತ್ರೆಕೊಡಿ